ಹೊಸ ಓಎಸ್ ಹಾಕುವ ಮುನ್ನ ಪ್ರಿಂಟರ್ ಅನ್ನು ಕೇಳಿ: ವಿಂಡೋಸ್, ಲಿನಕ್ಸ್, ಮ್ಯಾಕ್ – ಯಾವ ಸಾಧನ ಎಲ್ಲಿ ನಡೆಯುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತಾದರೂ ಅದು ಗಡುವನ್ನು ಮುಂದೂಡಿದ್ದೇ ಹೊರತು ಪರಿಹಾರವಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ನಂಬಲರ್ಹ ತಂತ್ರಾಂಶದಿಂದಷ್ಟೇ ಯಂತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳ ಮುಂದೆ ಕುಳಿತವರು ಈಗ ಕೇಳುತ್ತಿರುವ ಪ್ರಶ್ನೆ ಒಂದೇ: ಹೊಸ ಯಂತ್ರ ಕೊಂಡು ವಿಂಡೋಸ್‌ನಲ್ಲೇ ಉಳಿಯಬೇಕೆ, ಇರುವುದಕ್ಕೆ ಲಿನಕ್ಸ್ ಹಾಕಬೇಕೆ, ಅಥವಾ ಸಾಲ ಮಾಡಿಯಾದರೂ ಮ್ಯಾಕ್ ಕಡೆಗೆ ಹೋಗಬೇಕೆ?

ಯಾವ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಒಳ್ಳೆಯದು ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಕಂಪ್ಯೂಟರ್‌ಗೆ ಏನೇನು ಜೋಡಿಸಿದ್ದೀರಿ? ಬ್ರೌಸರ್ ಎಲ್ಲ ಕಡೆ ಒಂದೇ, ಪತ್ರ ಬರೆಯುವ ತಂತ್ರಾಂಶ ಎಲ್ಲ ಕಡೆ ಸಿಗುತ್ತದೆ. ಕೊನೆಗೆ ತಕರಾರು ಬರುವುದು ಮೂಲೆಯಲ್ಲಿರುವ ಪ್ರಿಂಟರ್‌ನಿಂದ, ಡ್ರಾಯರ್‌ನಲ್ಲಿರುವ ಪೆನ್ ಡ್ರೈವ್‌ನಂಥ ಡಿಜಿಟಲ್ ಸಹಿಯ ಟೋಕನ್‌ನಿಂದ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ವೈ-ಫೈ ಡಾಂಗಲ್‌ನಿಂದ. ಇವುಗಳಲ್ಲಿ ಯಾವುದನ್ನು ಬಿಡಲು ಸಾಧ್ಯವೇ ಇಲ್ಲವೋ ಅದೇ ನಿಮ್ಮ ಓಎಸ್ ಅನ್ನು ತೀರ್ಮಾನಿಸಬೇಕು.

ಡ್ರೈವರ್ ಯಾರ ವಶದಲ್ಲಿದೆ

ಮೂರು ಓಎಸ್‌ಗಳ ನಡುವಿನ ನಿಜವಾದ ವ್ಯತ್ಯಾಸ ಡ್ರೈವರ್ ಅನ್ನು, ಅಂದರೆ ಸಾಧನದೊಂದಿಗೆ ಓಎಸ್ ಮಾತಾಡಲು ಬೇಕಾದ ತಂತ್ರಾಂಶವನ್ನು, ಯಾರು ಬರೆಯುತ್ತಾರೆ, ಯಾರು ಕಾಪಾಡುತ್ತಾರೆ ಎಂಬುದರಲ್ಲಿದೆ.

ವಿಂಡೋಸ್‌ನಲ್ಲಿ ಈ ಕೆಲಸ ಬಹುಮಟ್ಟಿಗೆ ಸಾಧನ ತಯಾರಿಸಿದ ಕಂಪನಿಯದು. ಮಾರುಕಟ್ಟೆಗೆ ಬರುವ ಹೆಚ್ಚುಕಡಿಮೆ ಪ್ರತಿಯೊಂದು ಸಾಧನಕ್ಕೂ ಮೊದಲ ದಿನದಿಂದಲೇ ವಿಂಡೋಸ್ ಡ್ರೈವರ್ ಇರುತ್ತದೆ. ವಿಂಡೋಸ್ 7ರ ಕಾಲದ 64 ಬಿಟ್ ಡ್ರೈವರ್ ಎಷ್ಟೋ ಸಲ ವಿಂಡೋಸ್ 11ರಲ್ಲೂ ತಕರಾರಿಲ್ಲದೆ ಕೂರುತ್ತದೆ. ಹಳೆಯದನ್ನು ಇಷ್ಟು ದೂರ ಹೊತ್ತು ತರುವ ತಾಳ್ಮೆ ಮೈಕ್ರೋಸಾಫ್ಟ್‌ಗೆ ಇದೆ ಎಂದು ಒಪ್ಪಲೇಬೇಕು. ಆದರೆ ಸಾಧನಕ್ಕೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅಲ್ಲಿಗೆ ಮುಗಿಯಿತು, ಏಕೆಂದರೆ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ ಚಾಲೂ ಇದ್ದರೆ ಕೆಲವು ಹಳೆಯ ಡ್ರೈವರ್‌ಗಳನ್ನು ಅದು ಒಳಗೇ ಬಿಡುವುದಿಲ್ಲ.

ಕಂಪನಿಯ ವಶದಲ್ಲಿರುವ ಡ್ರೈವರ್ ಕಂಪನಿಯ ಮರ್ಜಿಯಲ್ಲೂ ಇರುತ್ತದೆ. ಯುಎಸ್‌ಬಿಯಿಂದ ಸೀರಿಯಲ್ ಪೋರ್ಟ್‌ಗೆ ಹೋಗುವ ಕೇಬಲ್‌ಗಳ ಕಥೆ ಇದಕ್ಕೆ ಉತ್ತಮ ನಿದರ್ಶನ. ತೂಕದ ಯಂತ್ರ, ಪ್ರಯೋಗಾಲಯದ ಮಾಪಕ, ಎಂಜಿನಿಯರಿಂಗ್ ವಿದ್ಯಾರ್ಥಿಯ ಬೋರ್ಡ್ – ಎಲ್ಲಕ್ಕೂ ಈ ಕೇಬಲ್ ಬೇಕು. ಪ್ರೊಲಿಫಿಕ್ ಕಂಪನಿ ತನ್ನ ಹಳೆಯ ಪಿಎಲ್2303 ಎಚ್‌ಎಕ್ಸ್‌ಎ ಚಿಪ್‌ಗೆ ಹೊಸ ವಿಂಡೋಸ್ ಡ್ರೈವರ್‌ನಲ್ಲಿ ಜಾಗ ಕೊಡಲಿಲ್ಲ. ಕೇಬಲ್ ಚುಚ್ಚಿದರೆ ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ‘2012ರಿಂದ ಈ ಚಿಪ್ ನಿಲ್ಲಿಸಲಾಗಿದೆ, ಮಾರಿದವರನ್ನು ಸಂಪರ್ಕಿಸಿ’ ಎಂಬ ಅರ್ಥದ ಸಂದೇಶ ಕಾಣಿಸುತ್ತದೆ. 2014ರಲ್ಲಿ ಇಂಥದೇ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್, ನಕಲಿ ಚಿಪ್ ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ನಕಲಿ ಮಾಡಿದವನು ಯಾರೋ, ಕೇಬಲ್ ಕಳೆದುಕೊಂಡವನು ಯಾರೋ. ಗಲಾಟೆಯಾದ ಮೇಲೆ ಆ ಡ್ರೈವರ್ ಹಿಂದಕ್ಕೆ ಹೋಯಿತು. ಲಿನಕ್ಸ್‌ನಲ್ಲಾದರೆ ಹಳೆಯ ಪ್ರೊಲಿಫಿಕ್ ಚಿಪ್ ಇಂದಿಗೂ ಸುಮ್ಮನೆ ಕೆಲಸ ಮಾಡುತ್ತದೆ.

ಅದಕ್ಕೆ ಕಾರಣ, ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್‌ನ (ಓಎಸ್‌ನ ತಿರುಳು) ಒಳಗೇ ಇರುತ್ತವೆ. ಒಮ್ಮೆ ಒಳಗೆ ಸೇರಿದ ಡ್ರೈವರ್ ಅನ್ನು ಕರ್ನಲ್ ಬದಲಾದಂತೆಲ್ಲ ಕರ್ನಲ್ ಬರೆಯುವವರೇ ತಿದ್ದಿಕೊಂಡು ಹೋಗುತ್ತಾರೆ. ಕಂಪನಿ ಮುಚ್ಚಿದರೂ ಡ್ರೈವರ್ ಉಳಿಯುತ್ತದೆ. ಒಳಗೆ ಸೇರದಿದ್ದರೆ ಮಾತ್ರ ಕಷ್ಟ. ಹೊರಗಿನಿಂದ ತಂದು ಕಂಪೈಲ್ ಮಾಡಿ ಕೂರಿಸಿದ ಡ್ರೈವರ್ ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಮುರಿದು ಬೀಳಬಹುದು. ಆದ್ದರಿಂದ ಲಿನಕ್ಸ್ ವಿಷಯದಲ್ಲಿ ‘ಡ್ರೈವರ್ ಇದೆಯೇ’ ಎಂದು ಕೇಳುವುದು ಸಾಲದು, ‘ಕರ್ನಲ್‌ನಲ್ಲೇ ಇದೆಯೇ’ ಎಂದು ಕೇಳಬೇಕು.

ಮ್ಯಾಕ್‌ನಲ್ಲಿ ಸಾಧನವೊಂದು ಚುಚ್ಚಿದ ಕೂಡಲೇ ನಡೆಯುತ್ತದೆ, ಇಲ್ಲವೇ ಎಂದೂ ನಡೆಯುವುದಿಲ್ಲ. ನಡುವಿನ ದಾರಿ ಕಡಿಮೆ. 2019ರ ಕ್ಯಾಟಲೀನಾ ಆವೃತ್ತಿಯಲ್ಲಿ ಆಪಲ್ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿತು. ಅದರೊಂದಿಗೆ ಎಷ್ಟೋ ಹಳೆಯ ಸ್ಕ್ಯಾನರ್‌ಗಳ ತಂತ್ರಾಂಶವೂ ಹೋಯಿತು. 2020ರ ನವೆಂಬರ್‌ನಲ್ಲಿ ಬಂದ ಎಂ1 ಯಂತ್ರಗಳಿಂದ ಮುಂದೆ, ಕರ್ನಲ್‌ಗೆ ಸೇರುವ ಹಳೆಯ ಮಾದರಿಯ ಡ್ರೈವರ್ ಹಾಕಬೇಕೆಂದರೆ ಯಂತ್ರದ ಭದ್ರತಾ ಮಟ್ಟವನ್ನೇ ಇಳಿಸಬೇಕು. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ ಎಂಬ ಮ್ಯಾಕ್‌ಓಎಸ್ 26 ಕೊನೆಯ ಆವೃತ್ತಿ ಎಂದು ಆಪಲ್ 2025ರಲ್ಲಿ ಹೇಳಿಬಿಟ್ಟಿದೆ. ಹಳೆಯ ಸಾಮಾನುಗಳ ಮೇಲೆ ಮಮತೆ ಇರುವವರಿಗೆ ಇದು ಹೇಳಿ ಮಾಡಿಸಿದ ಜಾಗವಲ್ಲ.

ಈ ಮೂರರ ಆಚೆಗೆ ನಾಲ್ಕನೆಯ ವರ್ಗವೊಂದಿದೆ, ನನಗೆ ಅತ್ಯಂತ ಇಷ್ಟವಾದದ್ದು: ಪ್ರತ್ಯೇಕ ಡ್ರೈವರ್ ಬೇಡದ ಸಾಧನಗಳು. ಕೀಲಿಮಣೆ, ಮೌಸ್, ಪೆನ್ ಡ್ರೈವ್, ಸಾಮಾನ್ಯ ವೆಬ್‌ಕ್ಯಾಮ್, ಯುಎಸ್‌ಬಿ ಹೆಡ್‌ಸೆಟ್ ಇವೆಲ್ಲ ಯುಎಸ್‌ಬಿಯ ಸಾಮಾನ್ಯ ಮಾನದಂಡಗಳನ್ನು ಪಾಲಿಸುತ್ತವೆ. ಅವುಗಳ ಚಿಂತೆ ಬಿಡಿ. ಕನ್ನಡ ಟೈಪಿಂಗ್‌ನ ಚಿಂತೆಯೂ ಬೇಡ: ಕಗಪ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲಿನಿಂದಲೇ ಸೇರಿಕೊಂಡಿರುತ್ತದೆ.

ಪ್ರಿಂಟರ್: ಅರ್ಧ ಜಗಳ ಇಲ್ಲೇ

ನಮ್ಮ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಶಾಲೆಗಳಲ್ಲಿ ಎರಡು ಹಳೆಯ ಲೇಸರ್ ಪ್ರಿಂಟರ್‌ಗಳು ಇನ್ನೂ ದುಡಿಯುತ್ತಿವೆ: ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಎರಡಕ್ಕೂ 12ಎ ಮಾದರಿಯ ಕಾರ್ಟ್ರಿಜ್ ನಡೆಯುತ್ತದೆ. ಅದನ್ನು ರೀಫಿಲ್ ಮಾಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಹೀಗಾಗಿ ಇವನ್ನು ಬಿಸಾಡಿ ಎಂದು ಯಾರಿಗೂ ಹೇಳಲಾಗದು.

ಕ್ಯಾನನ್ 2900 ತನ್ನದೇ ಆದ ಕ್ಯಾಪ್ಟ್ ಎಂಬ ಭಾಷೆಯನ್ನು ಮಾತ್ರ ಬಲ್ಲದು. ಪುಟವನ್ನು ಚಿತ್ರವಾಗಿಸುವ ಕೆಲಸವೆಲ್ಲ ಕಂಪ್ಯೂಟರ್‌ನದು, ಪ್ರಿಂಟರ್ ಬರೀ ಒತ್ತುವ ಯಂತ್ರ. 64 ಬಿಟ್ ವಿಂಡೋಸ್ ಡ್ರೈವರ್ ಇರುವುದರಿಂದ ಮಾಮೂಲು ಇಂಟೆಲ್, ಎಎಂಡಿ ಯಂತ್ರದ ವಿಂಡೋಸ್‌ನಲ್ಲಿ ಇದು ಸಲೀಸು. ಲಿನಕ್ಸ್‌ಗೂ ಕ್ಯಾನನ್ ಡ್ರೈವರ್ ಕೊಟ್ಟಿದೆ, ಆದರೆ ಅದಕ್ಕೆ ಹಿನ್ನೆಲೆಯಲ್ಲಿ ಓಡುವ ಬೇರೊಂದು ಸೇವೆ ಬೇಕು, 32 ಬಿಟ್ ಲೈಬ್ರರಿಗಳು ಬೇಕು. ಇವತ್ತು ಕೆಲಸ ಮಾಡಿದ್ದು ನಾಳೆ ಬೆಳಿಗ್ಗೆ ಮುನಿಸಿಕೊಂಡಿರುತ್ತದೆ. ಉತ್ಸಾಹಿಗಳು ಕ್ಯಾಪ್ಟ್ ಭಾಷೆಯನ್ನು ಬಿಡಿಸಿ ಬರೆದ ಮುಕ್ತ ಡ್ರೈವರ್ ಒಂದೂ ಇದೆ. ಕೈಚಳಕ ಇದ್ದವರಿಗೆ ಅದು ಸರಿ. ದಿನಕ್ಕೆ ನೂರು ಪುಟ ಒತ್ತುವ ಅಂಗಡಿಗೆ ನಾನು ಹೇಳುವುದಿಲ್ಲ. ಹೊಸ ಮ್ಯಾಕ್ ಕೊಳ್ಳುವವರು ಈ ಪ್ರಿಂಟರ್ ಅನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕ್ಷೇಮ.

ಎಚ್‌ಪಿ 1020ರ ಸ್ವಭಾವ ಇನ್ನೊಂದು ಬಗೆ. ಅದು ತನ್ನ ಫರ್ಮ್‌ವೇರ್ ಅನ್ನು (ಪ್ರಿಂಟರ್ ತಾನೇ ನಡೆಯಲು ಬೇಕಾದ ತಂತ್ರಾಂಶ) ಒಳಗೆ ಉಳಿಸಿಕೊಳ್ಳುವುದೇ ಇಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಲಿನಕ್ಸ್‌ನಲ್ಲಿ ಎಚ್‌ಪಿಯದೇ ಆದ ಎಚ್‌ಪಿಲಿಪ್ ಎಂಬ ಪ್ಯಾಕೇಜ್ ಇದನ್ನು ಮಾಡುತ್ತದೆ, ಆದರೆ ಈ ಮಾದರಿಗೆ ಹೆಚ್ಚುವರಿ ಪ್ಲಗ್‌ಇನ್ ಇಳಿಸಿಕೊಳ್ಳಬೇಕು. ಅದನ್ನು ಮಾಡದೆ ‘ಪ್ರಿಂಟರ್ ಕಾಣಿಸುತ್ತದೆ, ಹಾಳೆ ಬರುವುದಿಲ್ಲ’ ಎಂದು ತಲೆ ಕೆಡಿಸಿಕೊಂಡವರು ಬಹಳ. ಪ್ಲಗ್‌ಇನ್ ಹಾಕಿದ ಮೇಲೆ ವರ್ಷಗಟ್ಟಲೆ ತೊಂದರೆಯಿಲ್ಲ. ಎರಡರ ನಡುವೆ ಲಿನಕ್ಸ್‌ಗೆ ಯಾವುದು ಎಂದರೆ ಎಚ್‌ಪಿ, ಅನುಮಾನವೇ ಇಲ್ಲ.

ಹೊಸ ಪ್ರಿಂಟರ್ ಕೊಳ್ಳುವವರು ಈ ತಾಪತ್ರಯವನ್ನೇ ತಪ್ಪಿಸಿಕೊಳ್ಳಬಹುದು. ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಎಂದು ಬರೆದಿದೆಯೇ ನೋಡಿ. ಎರಡರ ಅಡಿಯಲ್ಲೂ ಇರುವುದು ಐಪಿಪಿ ಎಂಬ ಮಾನದಂಡವೇ. ಅದಿದ್ದರೆ ಮ್ಯಾಕ್, ಲಿನಕ್ಸ್, ವಿಂಡೋಸ್, ಮೊಬೈಲ್ ಎಲ್ಲವೂ ಪ್ರತ್ಯೇಕ ಡ್ರೈವರ್ ಇಲ್ಲದೆ ಮುದ್ರಿಸುತ್ತವೆ. ಮೈಕ್ರೋಸಾಫ್ಟ್ ಕೂಡ ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ಹಂತಹಂತವಾಗಿ ಬದಿಗಿಟ್ಟು ಇದೇ ದಾರಿ ಹಿಡಿಯುವುದಾಗಿ 2023ರಲ್ಲಿ ಘೋಷಿಸಿದೆ. ಈಗ ಹಾಕಿಕೊಂಡಿರುವ ಡ್ರೈವರ್‌ಗಳು ಇದರಿಂದ ನಿಂತುಹೋಗುವುದಿಲ್ಲ, ಗಾಬರಿ ಬೇಡ. ಆದರೆ ಬರೀ ಯುಎಸ್‌ಬಿ ಇರುವ ಅಗ್ಗದ ಮಾದರಿಯನ್ನು ಇನ್ನು ಮುಂದೆ ಹೊಸದಾಗಿ ಕೊಳ್ಳಲು ನನಗೆ ಕಾರಣ ಕಾಣುತ್ತಿಲ್ಲ.

ಸ್ಕ್ಯಾನರ್‌ನ ಮಾತು ಚಿಕ್ಕದು. ಕ್ಯಾನನ್ ಲೈಡ್ 110ರಂಥ ಹಳೆಯ ಫ್ಲ್ಯಾಟ್‌ಬೆಡ್‌ಗಳಿಗೆ ಲಿನಕ್ಸ್‌ನ ಸೇನ್ ಯೋಜನೆಯಲ್ಲಿ ಒಳ್ಳೆಯ ಬೆಂಬಲವಿದೆ, ಮಾದರಿಗಳ ಪಟ್ಟಿಯೂ ಅವರ ತಾಣದಲ್ಲಿದೆ. ಕಂಪನಿ ಕೈಬಿಟ್ಟ ಸ್ಕ್ಯಾನರ್ ಅನ್ನು ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಎಬ್ಬಿಸಬೇಕಾದರೆ ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಪ್ರಯತ್ನಿಸಿ. ಅದಕ್ಕೆ ದುಡ್ಡು ಕೊಡಬೇಕು.

ವೈ-ಫೈ ಡಾಂಗಲ್: ಹೆಸರು ನಂಬಬೇಡಿ

ಲ್ಯಾಪ್‌ಟಾಪ್‌ನೊಳಗೆ ಇಂಟೆಲ್ ವೈ-ಫೈ ಇದ್ದರೆ ಲಿನಕ್ಸ್‌ನಲ್ಲಿ ಏನೂ ಮಾಡಬೇಕಾಗಿಲ್ಲ. ಬ್ರಾಡ್‌ಕಾಮ್ ಇದ್ದರೆ ಬೇರೆ ಡ್ರೈವರ್ ಬೇಕಾಗಬಹುದು. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈ-ಫೈ ಬೇಕು. ಆಗ ಆಂಡ್ರಾಯ್ಡ್ ಮೊಬೈಲ್ ಅನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ.

ಡಾಂಗಲ್‌ಗಳದ್ದು ಬೇರೆಯೇ ಲೋಕ. ಡಬ್ಬದ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬದಲಾಗಿರುತ್ತದೆ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಇದಕ್ಕೆ ಹೆಸರುವಾಸಿ: ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್, ಲಿನಕ್ಸ್ ಬಳಗದ ಕಣ್ಮಣಿ, ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್, ಅದೇ ಬಳಗದ ತಲೆನೋವು. ಹಳೆಯ ವಿಮರ್ಶೆ ಓದಿ ಹೊಸದನ್ನು ಕೊಂಡವರು ಎರಡೂ ಒಂದೇ ಎಂದುಕೊಂಡರು. ರಿಯಲ್‌ಟೆಕ್ ಪರಿಸ್ಥಿತಿ ಈಗ ಸುಧಾರಿಸಿದೆ: 2023ರಲ್ಲಿ ಬಂದ 6.2 ಕರ್ನಲ್‌ನಿಂದ 8821ಸಿಯು, 8822ಬಿಯು ಮುಂತಾದ ಚಿಪ್‌ಗಳ ಡ್ರೈವರ್ ಒಳಗೇ ಸಿಗುತ್ತದೆ. ಅಂದರೆ ಹಳೆಯ ಲಿನಕ್ಸ್ ಆವೃತ್ತಿಯಲ್ಲಿ ಸೋತ ಡಾಂಗಲ್ ಹೊಸದರಲ್ಲಿ ಗೆಲ್ಲಬಹುದು. ಹೊಸದಾಗಿ ಕೊಳ್ಳುವುದಾದರೆ ಮೀಡಿಯಾಟೆಕ್ ಎಂಟಿ7612ಯು ಅಥವಾ ಎಂಟಿ7921ಎಯು ಚಿಪ್ ಇರುವುದನ್ನು ಹುಡುಕಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚಿಪ್‌ನ ಹೆಸರು ಕೇಳಿದರೆ ಅಂಗಡಿಯವರು ನಿಮ್ಮನ್ನೇ ವಿಚಿತ್ರವಾಗಿ ನೋಡುವ ಸಾಧ್ಯತೆಯಿದೆ. ಆವೃತ್ತಿ ಸಂಖ್ಯೆಯನ್ನಾದರೂ ಓದಿಕೊಳ್ಳಿ.

ಕೆಲವು ಡಾಂಗಲ್‌ಗಳು ಚುಚ್ಚಿದೊಡನೆ ತಾವು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತವೆ, ಒಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡಿರುತ್ತವೆ. ವಿಂಡೋಸ್‌ಗೆ ಅದು ಅನುಕೂಲ. ಲಿನಕ್ಸ್‌ನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಆ ವೇಷ ಕಳಚಬೇಕು. ಇಂದಿನ ಮ್ಯಾಕ್‌ಗಳಿಗೆ ವೈ-ಫೈ ಡಾಂಗಲ್ ಕೊಳ್ಳುವ ಯೋಚನೆಯನ್ನೇ ಬಿಡಿ.

ಗ್ರಾಫಿಕ್ಸ್ ಮತ್ತು ಪರದೆ

ಇಂಟೆಲ್, ಎಎಂಡಿ ಗ್ರಾಫಿಕ್ಸ್‌ಗೆ ಲಿನಕ್ಸ್‌ನಲ್ಲಿ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇದೆ. ಎನ್‌ವಿಡಿಯಾಗೆ ಕಂಪನಿಯ ಡ್ರೈವರ್ ಬೇಕು, ಹಾಗೂ ಅದು ಹಳೆಯ ಕಾರ್ಡ್‌ಗಳನ್ನು ಸರಣಿಯಾಗಿ ಕೈಬಿಡುತ್ತ ಬರುತ್ತದೆ: ಜಿಟಿಎಕ್ಸ್ 900 ಮತ್ತು 1000 ಸರಣಿಗೆ 580ನೆಯ ಡ್ರೈವರ್ ಶಾಖೆಯೇ ಕೊನೆ. ಮ್ಯಾಕ್‌ನಲ್ಲಿ ಎನ್‌ವಿಡಿಯಾ ಕಥೆ 2018ರ ಮೊಹಾವೆಯೊಂದಿಗೇ ಬಹುತೇಕ ಮುಗಿಯಿತು. ಇನ್ನೊಂದು ಮಾತು: ಎಂ1 ಅಥವಾ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುತ್ತಿದ್ದರೆ, ಅದಕ್ಕೆ ನೇರವಾಗಿ ಜೋಡಿಸಬಹುದಾದ ಹೊರಗಿನ ಪರದೆ ಒಂದೇ ಎಂಬುದು ನೆನಪಿರಲಿ.

ಟೋಕನ್, ಬೆರಳ ಗುರುತಿನ ಯಂತ್ರ

ಲೆಕ್ಕಪರಿಶೋಧಕರಿಗೆ, ಟೆಂಡರ್ ಹಾಕುವ ಗುತ್ತಿಗೆದಾರರಿಗೆ ಈ ಒಂದು ಭಾಗ ಸಾಕು. ಡಿಜಿಟಲ್ ಸಹಿ ಇರುವ ಟೋಕನ್ ಲಿನಕ್ಸ್‌ನಲ್ಲಿ ಕಾಣಿಸುವುದೇ ಬೇರೆ, ಪೋರ್ಟಲ್‌ನಲ್ಲಿ ಸಹಿ ಬೀಳುವುದೇ ಬೇರೆ. ಇಪಾಸ್ 2003 ಟೋಕನ್ ಅನ್ನು ಲಿನಕ್ಸ್‌ನ ಓಪನ್‌ಎಸ್‌ಸಿ ತಂತ್ರಾಂಶ ಗುರುತಿಸುತ್ತದೆ. ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕಿಸುವುದು ಎಂಸೈನರ್ ಎಂಬ ತಂತ್ರಾಂಶ. ಟೋಕನ್‌ನ ತಂತ್ರಾಂಶ, ಬ್ರೌಸರ್, ಎಂಸೈನರ್ ಮೂರೂ ಒಪ್ಪಿದರೆ ಮಾತ್ರ ರಿಟರ್ನ್ ಸಲ್ಲಿಕೆಯಾಗುತ್ತದೆ. ಕೊನೆಯ ದಿನದ ರಾತ್ರಿ ಈ ಮೂವರನ್ನು ರಾಜಿ ಮಾಡಿಸುವ ಉಸಾಬರಿ ಯಾರಿಗೂ ಬೇಡ. ಇಂಥವರು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ವಿಂಡೋಸ್ 11 ಯಂತ್ರವೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಏಕವ್ಯಕ್ತಿ ವ್ಯಾಪಾರಿಯಾಗಿದ್ದರೆ ಲೆಕ್ಕ ಬೇರೆ: ಜಿಎಸ್‌ಟಿಯಲ್ಲಿ ಡಿಜಿಟಲ್ ಸಹಿ ಕಡ್ಡಾಯವಿರುವುದು ಕಂಪನಿ, ಎಲ್‌ಎಲ್‌ಪಿಗಳಿಗೆ, ನೀವು ಮೊಬೈಲ್‌ಗೆ ಬರುವ ಒಟಿಪಿಯಲ್ಲೇ ಮುಗಿಸಬಹುದು, ಹಾಗಾಗಿ ಲಿನಕ್ಸ್ ಬಾಗಿಲು ತೆರೆದೇ ಇದೆ.

ಆಧಾರ್‌ಗಾಗಿ ಬೆರಳ ಗುರುತು ಓದುವ ಯಂತ್ರಕ್ಕೆ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಬೇಕು; ಅದನ್ನು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆಂದೇ ಮಾಡಿರುತ್ತಾರೆ. ಗ್ರಾಮ ಒನ್‌ನಂಥ ಸೇವಾ ಕೇಂದ್ರ ನಡೆಸುವವರಿಗೆ ಆಯ್ಕೆ ಎಂಬುದೇ ಇಲ್ಲ, ವಿಂಡೋಸ್. ಲ್ಯಾಪ್‌ಟಾಪ್‌ನಲ್ಲೇ ಇರುವ ಬೆರಳ ಗುರುತಿನ ಗುಂಡಿ ಲಿನಕ್ಸ್‌ನಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬುದು ಮಾದರಿಯ ಮೇಲೆ ನಿಂತಿದೆ; ನಡೆಯದಿದ್ದರೂ ಪಾಸ್‌ವರ್ಡ್ ಒತ್ತಿದರಾಯಿತು.

ಆರ್ಮ್ ಯಂತ್ರಗಳ ಬಲೆ

2024ರಿಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಂಬ, ಇಂಟೆಲ್‌ಗಿಂತ ಬೇರೆಯಾದ ಆರ್ಮ್ ವಿನ್ಯಾಸದ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಬ್ಯಾಟರಿ ಚೆನ್ನಾಗಿದೆ, ಬಿಸಿಯಾಗುವುದು ಕಡಿಮೆ. ಇಂಟೆಲ್‌ಗೆಂದು ಬರೆದ ತಂತ್ರಾಂಶಗಳನ್ನೂ ಅವು ಅನುಕರಣೆಯಿಂದ ಓಡಿಸುತ್ತವೆ, ಡ್ರೈವರ್‌ಗಳನ್ನು ಮಾತ್ರ ಓಡಿಸಲಾರವು. ಡ್ರೈವರ್ ಆರ್ಮ್64ಕ್ಕೆಂದೇ ಬರೆದದ್ದಾಗಿರಬೇಕು. ಅಂಗಡಿಯಲ್ಲಿ ‘ಇದೂ ವಿಂಡೋಸ್ 11ಏ ಸಾರ್’ ಎನ್ನುತ್ತಾರೆ. ಅದು ನಿಜ, ಹಾಗಿದ್ದೂ ನಿಮ್ಮ ಹಳೆಯ ಪ್ರಿಂಟರ್‌ಗೆ ಅಲ್ಲಿ ಗತಿಯಿಲ್ಲದೆ ಹೋಗಬಹುದು.

ಇದೇ ಬಲೆ ಮ್ಯಾಕ್ ಕೊಳ್ಳುವವರಿಗೂ ಇದೆ. ‘ಬೇಕಾದರೆ ಮ್ಯಾಕ್‌ನೊಳಗೆ ಪ್ಯಾರಲಲ್ಸ್ ಹಾಕಿ ವಿಂಡೋಸ್ ಓಡಿಸಿಕೊಳ್ಳುತ್ತೇನೆ’ ಎಂಬುದು ಇಂಟೆಲ್ ಮ್ಯಾಕ್ ಕಾಲದ ಧೈರ್ಯ. ಎಂ ಸರಣಿಯ ಮ್ಯಾಕ್‌ನೊಳಗೆ ಓಡುವುದು ಆರ್ಮ್ ವಿಂಡೋಸ್. ಆದ್ದರಿಂದ ಅದೇ ಡ್ರೈವರ್ ತಕರಾರು ಅಲ್ಲೂ ಎದುರಾಗುತ್ತದೆ. ಇಂಟೆಲ್ ಅಥವಾ ಎಎಂಡಿ ಯಂತ್ರದ ಲಿನಕ್ಸ್‌ನಲ್ಲಾದರೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಮಾಮೂಲು ವಿಂಡೋಸ್ ಹಾಕಿ ಯುಎಸ್‌ಬಿ ಸಾಧನವನ್ನು ಅದರ ವಶಕ್ಕೆ ಕೊಡಬಹುದು. ಒಂದೇ ಒಂದು ಹಠಮಾರಿ ಪ್ರಿಂಟರ್‌ಗೋಸ್ಕರ ಓಎಸ್ ಬದಲಿಸಲು ಹಿಂಜರಿಯುವವರಿಗೆ ಇದು ಒಳ್ಳೆಯ ಉಪಾಯ.

ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಬಗ್ಗೆಯೂ ಕೇಳುತ್ತಾರೆ. ಬ್ರೌಸರ್ ಬಿಟ್ಟು ಬೇರೇನೂ ಬೇಡದ ಶಾಲಾ ಲ್ಯಾಬ್‌ಗೆ ಅದು ಸರಿ, ಆದರೆ ಅದಕ್ಕೆಂದು ಪ್ರಮಾಣೀಕರಿಸಿದ ಮಾದರಿಗಳ ಪಟ್ಟಿ ಮೊದಲು ನೋಡಿ. ಹೊರಗಿನ ಡ್ರೈವರ್ ಹಾಕುವ ಅವಕಾಶವೇ ಅಲ್ಲಿಲ್ಲ. ಅದೇ ಯಂತ್ರಕ್ಕೆ ನಾನು ಲಿನಕ್ಸ್ ಮಿಂಟ್ ಹಾಕುತ್ತೇನೆ.

ಹಾಕುವ ಮುನ್ನ ಪರೀಕ್ಷೆ

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಹಾಕದೆಯೇ ನೋಡಬಹುದು. ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಬಗೆಯನ್ನು ಪೆನ್ ಡ್ರೈವ್‌ಗೆ ಬರೆದು ಅದರಿಂದಲೇ ಬೂಟ್ ಮಾಡಿ. ಹಾರ್ಡ್ ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈ-ಫೈ ಹಿಡಿಯಿತೇ, ಧ್ವನಿ ಬಂತೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಏಳುತ್ತದೆಯೇ, ಪ್ರಿಂಟರ್ ನಿಜವಾಗಿ ಹಾಳೆ ಹೊರಹಾಕಿತೇ ಎಂದು ನೋಡಿ. ಕಾಣಿಸಿಕೊಂಡರೆ ಸಾಲದು, ಹಾಳೆ ಕೈಗೆ ಬರಬೇಕು.

ಸಾಧನದ ನಿಜವಾದ ಗುರುತು ತಿಳಿಯಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಅಲ್ಲಿ ವಿಐಡಿ, ಪಿಐಡಿ ಎಂಬ ಎರಡು ಸಂಖ್ಯೆಗಳಿರುತ್ತವೆ: ಮೊದಲನೆಯದು ಕಂಪನಿ, ಎರಡನೆಯದು ಮಾದರಿ. 04ಎ9 ಎಂದಿದ್ದರೆ ಕ್ಯಾನನ್, 0ಬಿಡಿಎ ಎಂದಿದ್ದರೆ ರಿಯಲ್‌ಟೆಕ್. ಡಬ್ಬದ ಮೇಲಿನ ಹೆಸರಿನ ಬದಲು ಈ ಸಂಖ್ಯೆಗಳನ್ನು ಹುಡುಕಿದರೆ ಉತ್ತರ ಖಚಿತವಾಗಿ ಸಿಗುತ್ತದೆ.

ಫೋಟೊ, ಲೆಕ್ಕಪತ್ರ ತುಂಬಿದ ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಅದರ ಫಾರ್ಮ್ಯಾಟ್ ನೋಡಿಕೊಳ್ಳಿ. ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಲಿನಕ್ಸ್ ಎರಡೂ ಮಾಡುತ್ತದೆ. ಎಕ್ಸ್‌ಫ್ಯಾಟ್ ಆದರೆ ಮೂರರಲ್ಲೂ ನಡೆಯುತ್ತದೆ.

ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ನಲ್ಲಿ ಪೆನ್ ಡ್ರೈವ್ ಪರೀಕ್ಷೆಗಾಗಿ ಬಯಾಸ್‌ನ (ಯಂತ್ರದ ಮೂಲ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಮುಟ್ಟುವ ಮುನ್ನ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಎಲ್ಲಿದೆ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗಿರಬಹುದು. ಸೆಟ್ಟಿಂಗ್ ಬದಲಾದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ಆ ಕೀಲಿಯನ್ನು ಕೇಳಿ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಂಡು ನಂತರ ಬಯಾಸ್ ತೆರೆಯಿರಿ.